ವಾರ್ಡಿನಿಂದ ಮನೆಯಂಗಳಕ್ಕೆ: ಪುನರ್ವಸತಿ ಸಂಯೋಜಕರಾಗಲು ಹೊರಟವರಿಗೆ

(ಬದಿಯಡ್ಕದಲ್ಲಿ ನರ್ಸಿಂಗ್, ಫಿಸಿಯೋಥೆರಪಿ ಮತ್ತು ಸಮಾಜಕಾರ್ಯ ಓದುತ್ತಿರುವವರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಪುನರುಕ್ತಿಗಳನ್ನು ತೆಗೆದು, ಕೊನೆಯ ಪ್ರಶ್ನೋತ್ತರದಲ್ಲಿ ಮುಖ್ಯವಾದದ್ದನ್ನು ಉಳಿಸಿಕೊಂಡಿದ್ದೇನೆ.)

ಹಿರಿಯರಿಗೂ ಕಲಿಯುತ್ತಿರುವ ನಿಮಗೂ ನಮಸ್ಕಾರ. ಪೀಠಿಕೆ ಹಾಕದೆ ವಿಷಯಕ್ಕೆ ಬರುತ್ತೇನೆ.

ಕಾಸರಗೋಡು, ಮಂಜೇಶ್ವರ ತಾಲೂಕುಗಳಲ್ಲಿ ಯಾರಿಗಾದರೂ ಪಾರ್ಶ್ವವಾಯು ಬಡಿದರೆ, ಅಡಿಕೆ ಮರದಿಂದ ಬಿದ್ದು ಬೆನ್ನು ಮುರಿದರೆ, ಆಂಬ್ಯುಲೆನ್ಸ್ ಸಾಮಾನ್ಯವಾಗಿ ಉತ್ತರಕ್ಕೆ ತಿರುಗುತ್ತದೆ. ತಲಪಾಡಿಯ ರಾಜ್ಯ ಗಡಿ ದಾಟಿದರೆ ಮಂಗಳೂರು. ಅಲ್ಲಿ ಜೀವ ಉಳಿಸುವ ಕೆಲಸ ಚೆನ್ನಾಗಿಯೇ ನಡೆಯುತ್ತದೆ, ಅದರಲ್ಲಿ ನನಗೆ ತಕರಾರಿಲ್ಲ. ಹತ್ತು ಹದಿನೈದು ದಿನ ಕಳೆದ ಮೇಲೆ ಡಿಸ್ಚಾರ್ಜ್ ಸಮರಿ ಕೈಗೆ ಬರುತ್ತದೆ. ಮಾತ್ರೆಗಳ ಪಟ್ಟಿ ಮುಗಿದ ಮೇಲೆ, ಕೊನೆಯ ಸಾಲಿನಲ್ಲಿ, ‘ಫಿಸಿಯೋಥೆರಪಿ ಮುಂದುವರಿಸಿ’ ಎಂದು ಬರೆದಿರುತ್ತದೆ. ಎಲ್ಲಿ ಮುಂದುವರಿಸಬೇಕು, ಯಾರು ಮಾಡಬೇಕು, ದಿನಕ್ಕೆ ಎಷ್ಟು ಹೊತ್ತು, ಎಷ್ಟು ವಾರ, ಯಾರ ದುಡ್ಡಿನಲ್ಲಿ ಎಂಬುದು ಯಾವುದೂ ಇರುವುದಿಲ್ಲ. ಆ ಒಂದು ಸಾಲಿಗೆ ಅರ್ಥ ಬರುವಂತೆ ಮಾಡುವುದು ನಮ್ಮ ಕೆಲಸ. ಇಂಗ್ಲಿಷಿನಲ್ಲಿ ಕ್ಲಿನಿಕಲ್ ರಿಹ್ಯಾಬಿಲಿಟೇಶನ್ ಲಿಯೇಝನ್ ಎನ್ನುತ್ತಾರೆ. ನಮ್ಮ ಕಡೆಯ ಆಸ್ಪತ್ರೆಗಳಲ್ಲಿ ಇದೇ ಹೆಸರಿನ ಬೋರ್ಡು ಹುಡುಕಬೇಡಿ. ರಿಹ್ಯಾಬ್ ಕೋಆರ್ಡಿನೇಟರ್, ಕೇಸ್ ಮ್ಯಾನೇಜರ್, ಪೇಷಂಟ್ ಕೋಆರ್ಡಿನೇಟರ್, ಕೆಲವೊಮ್ಮೆ ಬರೀ ‘ಎಂಎಸ್‌ಡಬ್ಲ್ಯು ಮೇಡಂ’ (ಎಂದರೆ ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿಯವರು). ನಾನು ಸಂಯೋಜಕರು ಎನ್ನುತ್ತೇನೆ. ನಾನೂ ವಾರ್ಡ್ ನರ್ಸಾಗಿ ಆರಂಭಿಸಿ ಈ ಕಡೆ ಹೊರಳಿದವಳು.

ಈ ಹುದ್ದೆಗೆ ಖಚಿತವಾದ ಚೌಕಟ್ಟು ಇರುವುದು ಅಮೆರಿಕದಲ್ಲಿ. ಅಲ್ಲಿ ತುರ್ತು ಚಿಕಿತ್ಸೆಯ ಆಸ್ಪತ್ರೆ ಬೇರೆ, ಒಳರೋಗಿಗಳ ಪುನರ್ವಸತಿ ಆಸ್ಪತ್ರೆ ಬೇರೆ. ಒಂದರಿಂದ ಇನ್ನೊಂದಕ್ಕೆ ರೋಗಿ ಹೋಗಬೇಕಾದರೆ ಮೆಡಿಕೇರ್ ಎಂಬ ಸರ್ಕಾರಿ ವಿಮೆಯ ನಿಯಮಗಳನ್ನು ದಾಟಬೇಕು. ಸೇರಿಸಿಕೊಳ್ಳುವುದಕ್ಕೆ ಹಿಂದಿನ 48 ಗಂಟೆಗಳೊಳಗೆ ಪರವಾನಗಿ ಹೊಂದಿದ ನರ್ಸ್ ಅಥವಾ ಚಿಕಿತ್ಸಕರೊಬ್ಬರು ಪೂರ್ವ ತಪಾಸಣೆ ನಡೆಸಿ ದಾಖಲಿಸಿರಬೇಕು. ಪುನರ್ವಸತಿ ವೈದ್ಯರು ಅದನ್ನು ಓದಿ ಒಪ್ಪಿರಬೇಕು. ದಿನಕ್ಕೆ ಸುಮಾರು 3 ಗಂಟೆಯಂತೆ ವಾರದಲ್ಲಿ 5 ದಿನ ವ್ಯಾಯಾಮ ಮತ್ತಿತರ ಚಿಕಿತ್ಸೆಗಳನ್ನು ರೋಗಿ ತಾಳಿಕೊಳ್ಳುವಂತಿರಬೇಕು. ಅಷ್ಟೇ ಅಲ್ಲ, ಅಂತಹ ಆಸ್ಪತ್ರೆಗೆ ಬರುವವರಲ್ಲಿ ಶೇಕಡಾ 60ರಷ್ಟಾದರೂ ಮಂದಿಗೆ ನಿಗದಿತ 13 ಸ್ಥಿತಿಗಳಲ್ಲಿ ಒಂದಿರಬೇಕು: ಪಾರ್ಶ್ವವಾಯು, ಬೆನ್ನುಹುರಿಯ ಗಾಯ, ಮೆದುಳಿನ ಪೆಟ್ಟು, ಅಂಗಚ್ಛೇದನ, ಸೊಂಟದ ಮೂಳೆ ಮುರಿತ, ಸುಟ್ಟಗಾಯ ಹೀಗೆ. ಅಲ್ಲಿನ ಸಂಯೋಜಕರು ಬೆಳಿಗ್ಗೆ ಎದ್ದು ಆಸ್ಪತ್ರೆಯಿಂದ ಆಸ್ಪತ್ರೆಗೆ ಹೋಗಿ ಈ ತಪಾಸಣೆ ಮಾಡುತ್ತಾರೆ, ಕಡತ ಓದುತ್ತಾರೆ, ಮನೆಯವರ ಜತೆ ಮಾತಾಡುತ್ತಾರೆ, ವಿಮೆಯವರ ಒಪ್ಪಿಗೆ ತರುತ್ತಾರೆ.

ನಮ್ಮಲ್ಲಿ ಹೀಗೆ ಬರೆದಿಟ್ಟ ಗೆರೆ ಇಲ್ಲ. ಗೆರೆ ಇಲ್ಲದ ಕಡೆ ಕೆಲಸ ಹಗುರ ಎಂದು ಭಾವಿಸುವವರುಂಟು. ಹಾಗೇನೂ ಇಲ್ಲ. ಅಮೆರಿಕದ ಸಂಯೋಜಕಿ ನಿಯಮದ ಪುಸ್ತಕ ತೋರಿಸಿ ‘ಆಗುವುದಿಲ್ಲ’ ಎನ್ನಬಹುದು, ನಾವು ನಮ್ಮ ವಿವೇಚನೆಯನ್ನೇ ತೋರಿಸಬೇಕು.

ಹಾಗೆಂದು ಪುನರ್ವಸತಿ ವೈದ್ಯಶಾಸ್ತ್ರ ನಮಗೆ ಹೊರಗಿನದಲ್ಲ. ಮುಂಬೈಯ ಹಾಜಿ ಅಲಿಯಲ್ಲಿರುವ ಅಖಿಲ ಭಾರತ ಭೌತಿಕ ವೈದ್ಯಕೀಯ ಮತ್ತು ಪುನರ್ವಸತಿ ಸಂಸ್ಥೆ 1955ರದು. ವೆಲ್ಲೂರಿನ ಡಾ. ಮೇರಿ ವರ್ಗೀಸ್ ಅವರ ಹೆಸರನ್ನು ಇಲ್ಲಿರುವ ವಿದ್ಯಾರ್ಥಿಗಳು ಕೇಳಿರಬೇಕು, ಕೇಳಿಲ್ಲವಾದರೆ ಇಂದು ಬರೆದುಕೊಳ್ಳಿ. ಕೊಚ್ಚಿಯ ಕಡೆಯ ಹೆಣ್ಣುಮಗಳು. 1954ರ ವಾಹನ ಅಪಘಾತದಲ್ಲಿ ಸೊಂಟದಿಂದ ಕೆಳಗೆ ಸ್ವಾಧೀನ ಹೋಯಿತು. ಗಾಲಿಕುರ್ಚಿಯಲ್ಲಿ ಕುಳಿತುಕೊಂಡೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. ಆಮೇಲೆ ನ್ಯೂಯಾರ್ಕಿಗೆ ಹೋಗಿ ಪುನರ್ವಸತಿ ವೈದ್ಯಕೀಯ ಕಲಿತು ಬಂದು ವೆಲ್ಲೂರಿನಲ್ಲಿ ಆ ವಿಭಾಗವನ್ನು ಕಟ್ಟಿದರು. ಒಳರೋಗಿಗಳ ಪುನರ್ವಸತಿ ಕೇಂದ್ರ ಅಲ್ಲಿ 1966ರಲ್ಲಿ ತೆರೆಯಿತು. 1972ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಮನೆಗೆ ಹೋದ ಮೇಲೆ ರೋಗಿ ಹೇಗೆ ಬದುಕುತ್ತಾನೆ ಎಂಬುದನ್ನು ಆಸ್ಪತ್ರೆಯಲ್ಲಿ ಇರುವಾಗಲೇ ಅಭ್ಯಾಸ ಮಾಡಿಸಬೇಕು ಎಂಬ ಕ್ರಮ ಅಂತಹ ಕೇಂದ್ರಗಳಿಂದ ನಮಗೆ ಬಂದದ್ದು.

ನಾನು ಇಂದು ಒತ್ತಿ ಹೇಳಬೇಕೆಂದಿರುವುದೂ ಅದನ್ನೇ. ಸಂಯೋಜಕರ ತಪಾಸಣೆ ರೋಗಿಯ ಹಾಸಿಗೆಯಲ್ಲಿ ಮುಗಿಯಬಾರದು, ಮನೆಯ ಬಚ್ಚಲಿನವರೆಗೆ ಹೋಗಬೇಕು. ಯಾವ ಮನೆಗೆ ಈ ಮನುಷ್ಯ ವಾಪಸು ಹೋಗಲಿದ್ದಾನೆ ಎಂದು ತಿಳಿಯದೆ ಅವನಿಗೆ ಯಾವ ಚಿಕಿತ್ಸೆ, ಎಷ್ಟು ವಾರ ಎಂದು ನಿರ್ಧರಿಸುವುದು ಕುರುಡು ಲೆಕ್ಕ.

ಎರಡು ಉದಾಹರಣೆ ಕೊಡುತ್ತೇನೆ. ಇಬ್ಬರೂ ಯಾರೋ ಒಬ್ಬ ನಿಜವಾದ ವ್ಯಕ್ತಿಯಲ್ಲ, ನಮ್ಮ ಕಡೆಯ ಹಲವರಿಂದ ಕೂಡಿಸಿ ಮಾಡಿದವರು.

ಮೊದಲನೆಯವರು ಎಪ್ಪತ್ತು ದಾಟಿದ ಅಜ್ಜಿ. ಮೆದುಳಿನ ಬಲಭಾಗದಲ್ಲಿ ರಕ್ತ ಹೆಪ್ಪುಗಟ್ಟಿ ಎಡಗೈ, ಎಡಗಾಲು ಬಿದ್ದುಹೋಗಿದೆ. ನೀವು ವಾರ್ಡಿಗೆ ಹೋಗುತ್ತೀರಿ. ಕಡತ ಮೊದಲು ಓದಿ, ಆದರೆ ಓದಿದ್ದನ್ನೇ ನೋಡಲು ಹೋಗಬೇಡಿ. ಮಧ್ಯಾಹ್ನದ ಊಟದ ಹೊತ್ತಿಗೆ ಹೋಗಿ. ಸೊಸೆ ‘ಅತ್ತೆಗೆ ಬಾಯಿರುಚಿಯೇ ಇಲ್ಲ, ಅರ್ಧ ಬಿಡುತ್ತಾರೆ’ ಎನ್ನುತ್ತಾರೆ. ತಟ್ಟೆ ನೋಡಿ. ಬಲಭಾಗದ ಗಂಜಿ, ಪಲ್ಯ ಪೂರಾ ಖಾಲಿ. ಎಡಭಾಗದ್ದು ಮುಟ್ಟಿಯೇ ಇಲ್ಲ, ನಡುವೆ ಗೆರೆ ಎಳೆದ ಹಾಗೆ. ಅದು ಹಸಿವಿನ ಸಮಸ್ಯೆಯಲ್ಲ. ಎಡಬದಿಯ ಲೋಕವೇ ಅಜ್ಜಿಯ ಗಮನಕ್ಕೆ ಬರುತ್ತಿಲ್ಲ. ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿ ಇಡಿ, ಉಳಿದದ್ದನ್ನು ತಿನ್ನುತ್ತಾರೆ. ಸೊಸೆಯ ಮುಖ ನೋಡಿ ಆಗ. ಒಂದು ವಾರದಿಂದ ‘ನನ್ನ ಅಡುಗೆ ಸೇರುತ್ತಿಲ್ಲ’ ಎಂದು ನೊಂದುಕೊಂಡಿದ್ದವರು ಅವರು.

ಇದು ಬರೀ ಕುತೂಹಲದ ಸಂಗತಿಯಲ್ಲ. ಎಡಬದಿ ಗಮನಕ್ಕೆ ಬಾರದ ರೋಗಿ ನಾಳೆ ಮನೆಯಲ್ಲಿ ಎಡಗೈ ಒಲೆಯ ಬಳಿ ಇದ್ದರೂ ಅರಿಯುವುದಿಲ್ಲ, ಬಾಗಿಲಿನ ಎಡ ಚೌಕಟ್ಟಿಗೆ ಬಡಿದುಕೊಳ್ಳುತ್ತಾರೆ, ಬೀಳುತ್ತಾರೆ. ಕಾಲಿಗೆ ಬಲ ಬಂತು ಎಂದ ಮಾತ್ರಕ್ಕೆ ಅವರನ್ನು ಒಬ್ಬರೇ ಓಡಾಡಲು ಬಿಡುವಂತಿಲ್ಲ. ದಿನನಿತ್ಯದ ಕೆಲಸಗಳನ್ನು ಮತ್ತೆ ಕಲಿಸುವ ಆಕ್ಯುಪೇಶನಲ್ ಥೆರಪಿಸ್ಟ್ ಇರುವ ಘಟಕಕ್ಕೇ ಅಜ್ಜಿಯನ್ನು ಕಳಿಸಬೇಕು ಎಂದು ವಾದಿಸಲು ನಿಮಗೆ ಆ ತಟ್ಟೆಯೇ ಸಾಕ್ಷಿ.

ಇನ್ನೂ ನೋಡುವುದಿದೆ. ನುಂಗುವ ಪರೀಕ್ಷೆ ಆಗಿದೆಯೇ? ಆಗದೆ ಯಾರೋ ಚಮಚದಲ್ಲಿ ಎಳನೀರು ಕುಡಿಸುತ್ತಿದ್ದರೆ ಅದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ನಯವಾಗಿ ತಡೆಯಿರಿ, ವಾರ್ಡಿನ ನರ್ಸಿಗೆ ತಿಳಿಸಿ. ಹಿಮ್ಮಡಿ ಮತ್ತು ಸೊಂಟದ ಹಿಂಭಾಗದ ಚರ್ಮ ಕೆಂಪಾಗಿದೆಯೇ? ಸ್ವಾಧೀನವಿಲ್ಲದ ಭುಜದ ಕೆಳಗೆ ದಿಂಬು ಇದೆಯೇ, ಅಥವಾ ಎಬ್ಬಿಸುವಾಗಲೆಲ್ಲ ಆ ಕೈಯನ್ನೇ ಹಿಡಿದು ಎಳೆಯುತ್ತಿದ್ದಾರೆಯೇ? ಎಳೆದರೆ ಭುಜದ ಕೀಲು ಜಾರುತ್ತದೆ. ಮಂಚದ ಅಂಚಿನಲ್ಲಿ ಆಸರೆಯಿಲ್ಲದೆ ಎಷ್ಟು ನಿಮಿಷ ಕೂರುತ್ತಾರೆ? ಎರಡು ಹಂತದ ಸೂಚನೆ ಕೊಟ್ಟರೆ, ‘ಕನ್ನಡಕ ತೆಗೆಯಿರಿ, ನನಗೆ ಕೊಡಿ’ ಎಂದರೆ, ಎರಡೂ ಮಾಡುತ್ತಾರೆಯೇ? ಇದಕ್ಕೆಲ್ಲ ಅಳತೆಗೋಲುಗಳಿವೆ. 1965ರಿಂದ ಬಳಕೆಯಲ್ಲಿರುವ ಬಾರ್ತೆಲ್ ಸೂಚ್ಯಂಕವನ್ನು ಮೊದಲು ಕಲಿಯಿರಿ: ಊಟ, ಸ್ನಾನ, ಶೌಚ, ಬಟ್ಟೆ, ನಡಿಗೆ, ಮೆಟ್ಟಿಲು ಮುಂತಾದ ಹತ್ತು ಅಂಶ, ಒಟ್ಟು 100 ಅಂಕ. ಅಂಕ ಬರೆಯುವಾಗ ‘ಮಾಡಬಲ್ಲರು’ ಎಂದು ಊಹಿಸಿ ಬರೆಯಬಾರದು, ಮಾಡುತ್ತಿರುವುದನ್ನು ಬರೆಯಬೇಕು. ಮನೆಯವರ ಪ್ರೀತಿಯಿಂದಲೂ ಅಂಕ ಇಳಿಯುತ್ತದೆ, ಏಕೆಂದರೆ ಎಲ್ಲವನ್ನೂ ಅವರೇ ಮಾಡಿಬಿಡುತ್ತಾರೆ.

ಎರಡನೆಯವನು ಮೂವತ್ತೈದರ ಆಸುಪಾಸಿನ ಅಡಿಕೆ ಕೆಲಸದವನು. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವ ಹೊತ್ತು. ಮರ ಪಾಚಿ ಹಿಡಿದು ಜಾರುತ್ತದೆ. ಬಿದ್ದವನ ಬೆನ್ನುಹುರಿಗೆ ಪೆಟ್ಟು. ಈಗ ನೆಲದಲ್ಲೇ ನಿಂತು ಬಳಸುವ ಫೈಬರ್ ದೋಟಿ (ಉದ್ದ ಕೋಲು) ಬಂದು ಮರ ಹತ್ತುವುದು ಕಡಿಮೆಯಾಗಿದೆ, ಆದರೆ ನಿಂತಿಲ್ಲ. ಇಂತಹವನ ಮುಂದೆ ನೀವು ಕುಳಿತಾಗ ಅವನು ಕೇಳುವುದು ಒಂದೇ ಪ್ರಶ್ನೆ: ‘ಅಕ್ಕಾ, ನಾನು ನಡೆಯುತ್ತೇನಾ?’ ಅದಕ್ಕೆ ಉತ್ತರ ಹೇಳುವ ಅಧಿಕಾರ ನಿಮ್ಮದಲ್ಲ, ಪುನರ್ವಸತಿ ವೈದ್ಯರದು. ಆದರೆ ‘ಎಲ್ಲ ಸರಿಯಾಗುತ್ತದೆ’ ಎಂಬ ಮಾತನ್ನು ಮಾತ್ರ ನಿಮ್ಮ ಬಾಯಿಂದ ಬರಗೊಡಬೇಡಿ. ‘ಡಾಕ್ಟರ್ ಪರೀಕ್ಷೆ ಮಾಡಿ ಅದನ್ನು ನಿನಗೇ ಹೇಳುತ್ತಾರೆ, ಅದರ ಮೊದಲು ನೀನಾಗಿ ಹೊರಳುವುದು, ಕೂರುವುದು, ಕುರ್ಚಿಗೆ ದಾಟುವುದು ಕಲಿಯಬೇಕು, ಅದಕ್ಕೆ ಜಾಗ ಹುಡುಕಲು ಬಂದಿದ್ದೇನೆ’ ಎನ್ನಿ. ಇದು ಸುಳ್ಳಲ್ಲ, ನಿಷ್ಠುರವೂ ಅಲ್ಲ.

ಬೆನ್ನುಹುರಿಯ ಗಾಯಕ್ಕೆ ಎ ಇಂದ ಇ ವರೆಗಿನ ಶ್ರೇಣಿ ಇದೆ. ಎ ಎಂದರೆ ಗಾಯದ ಕೆಳಗೆ ಸ್ಪರ್ಶ, ಚಲನೆ ಎರಡೂ ಪೂರ್ತಿ ಇಲ್ಲ, ಇ ಎಂದರೆ ಸಹಜ. ಇದು ಕಡತದಲ್ಲಿ ಇಲ್ಲದಿದ್ದರೆ ಕೇಳಿ ಬರೆಸಿ. ಗಾಯ ಎದೆಮಟ್ಟದ ಆರನೆಯ ಬೆನ್ನುಮೂಳೆಯಲ್ಲಿ ಅಥವಾ ಅದಕ್ಕೂ ಮೇಲೆ ಇದ್ದರೆ ಮೂತ್ರದ ಕೊಳವೆ ಕಟ್ಟಿಕೊಂಡಂತಹ ಸಣ್ಣ ಕಾರಣಕ್ಕೂ ರಕ್ತದೊತ್ತಡ ದಿಢೀರನೆ ಏರಿ ಪ್ರಾಣಕ್ಕೆ ಅಪಾಯವಾಗಬಹುದು. ಹಳ್ಳಿಯ ಮನೆಯಲ್ಲಿ ರಾತ್ರಿ ತಲೆ ಸಿಡಿಯುತ್ತಿದೆ ಎಂದರೆ ಹೆಂಡತಿ ಮೊದಲು ಮೂತ್ರದ ಚೀಲ ನೋಡಬೇಕು ಎಂಬುದನ್ನು ಆಕೆಗೆ ಡಿಸ್ಚಾರ್ಜಿಗೆ ಮೊದಲೇ ಕಲಿಸಿರಬೇಕು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದನ್ನು, ಕುರ್ಚಿಯಲ್ಲಿ ಆಗಾಗ ಮೈಯೆತ್ತಿ ಭಾರ ಇಳಿಸುವುದನ್ನು ಕೂಡ. ಕಲಿಸಿದ್ದೇವೆಯೇ ಇಲ್ಲವೇ ಎಂದು ಪರಿಶೀಲಿಸುವುದು ಸಂಯೋಜಕರ ಪಾಲಿನದು.

ಈಗ ಮನೆಗೆ ಬರೋಣ. ನಮ್ಮ ಕಡೆಯ ಮನೆ ಹೇಗಿರುತ್ತದೆ ಎಂದು ಬೆಂಗಳೂರಿನಲ್ಲಿ ಓದಿದವರಿಗೆ ಹೇಳಿಯೇ ತಿಳಿಸಬೇಕಾಗುತ್ತದೆ. ಡಾಮರು ರಸ್ತೆಯಲ್ಲಿ ಜೀಪು ನಿಲ್ಲುತ್ತದೆ, ಮನೆ ಕೆಳಗೆ ತೋಟದ ನಡುವೆ. ಕೆಂಪುಕಲ್ಲಿನಲ್ಲಿ ಕಡಿದ ಮೆಟ್ಟಿಲು, ಮಳೆಗಾಲದಲ್ಲಿ ಅದರ ಮೇಲೆ ನೀರು. ತೋಡಿಗೆ ಅಡ್ಡವಾಗಿ ಅಡಿಕೆ ಮರದ ಸಂಕ. ಅಂಗಳದಿಂದ ಜಗಲಿಗೆ ಒಂದೂವರೆ ಅಡಿ ಎತ್ತರ, ಬಾಗಿಲಿಗೆ ಹೊಸ್ತಿಲು, ಬಚ್ಚಲು ಹಿಂದುಗಡೆ, ಶೌಚಾಲಯ ಅದಕ್ಕೂ ಆಚೆ. ಗಾಲಿಕುರ್ಚಿಗೆ ಇಳಿಜಾರು ಮಾಡುವಾಗ ಒಂದಕ್ಕೆ ಹನ್ನೆರಡರ ಲೆಕ್ಕ: ಒಂದೂವರೆ ಅಡಿಯ ಜಗಲಿಗೆ 18 ಅಡಿ ಉದ್ದದ ಇಳಿಜಾರು ಬೇಕು. ಅಷ್ಟು ಅಂಗಳ ಇದೆಯೇ? ಬಚ್ಚಲ ಬಾಗಿಲು ಎರಡಡಿ ಇದ್ದರೆ ಕುರ್ಚಿ ಒಳಗೆ ಹೋಗುವುದಿಲ್ಲ. ಇಷ್ಟು ತಿಳಿಯಲು ನೀವೇ ಹೋಗಬೇಕೆಂದಿಲ್ಲ. ಮನೆಯ ಹುಡುಗನಿಗೆ ಮೊಬೈಲ್ ಕೊಟ್ಟು ರಸ್ತೆಯಿಂದ ಬಚ್ಚಲಿನವರೆಗೆ ನಿಲ್ಲಿಸದೆ ನಡೆಯುತ್ತ ವಿಡಿಯೋ ಮಾಡಲು ಹೇಳಿ. ಬಾಗಿಲುಗಳನ್ನು ಟೇಪಿನಿಂದ ಅಳೆದು ಕಳಿಸಲು ಹೇಳಿ. ಆ ವಿಡಿಯೋ ನೋಡಿದ ಫಿಸಿಯೋಥೆರಪಿಸ್ಟ್ ತನ್ನ ಗುರಿಗಳನ್ನೇ ಬದಲಿಸಿಕೊಳ್ಳುತ್ತಾರೆ. ಆಸ್ಪತ್ರೆಯ ನುಣುಪು ನೆಲದಲ್ಲಿ ನಡೆದಾಡಿದ್ದು ಕಲ್ಲುಮೆಟ್ಟಿಲಿಗೆ ಸಾಲುವುದಿಲ್ಲವಲ್ಲ.

ದುಡ್ಡಿನ ವಿಷಯ. ಇಲ್ಲಿಯೇ ಹೆಚ್ಚಿನ ಕುಟುಂಬಗಳು ಮೋಸ ಹೋದೆವು ಎಂದುಕೊಳ್ಳುವುದು. ಖಾಸಗಿ ಆರೋಗ್ಯ ವಿಮೆ ಇದ್ದವರು ಪುನರ್ವಸತಿಗೂ ಅದು ಬರುತ್ತದೆ ಎಂದು ನಂಬಿರುತ್ತಾರೆ. ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಹೊರತುಪಡಿಕೆಗಳಿಗೆ ಏಕರೂಪದ ಸಂಕೇತ ಕೊಟ್ಟಿತು. ಅದರಲ್ಲಿ ಐದನೆಯದು ವಿಶ್ರಾಂತಿ, ಪುನರ್ವಸತಿ ಮತ್ತು ಆರೈಕೆದಾರರಿಗೆ ಬಿಡುವು ಕೊಡುವ ದಾಖಲಾತಿ. ಪಾಲಿಸಿಯ ಕಾಗದದಲ್ಲಿ ‘ಎಕ್ಸ್‌ಸಿಎಲ್05’ ಎಂದು ಇದ್ದರೆ, ಚಿಕಿತ್ಸೆಗಾಗಿ ಅಲ್ಲದೆ ಮುಖ್ಯವಾಗಿ ಹಾಸಿಗೆ ವಿಶ್ರಾಂತಿಗೆ ಸೇರಿದ ಖರ್ಚು, ಸ್ನಾನ ಮಾಡಿಸುವುದು, ಬಟ್ಟೆ ಹಾಕುವುದು ಇಂತಹ ಆರೈಕೆಯ ಖರ್ಚು ಸಿಗುವುದಿಲ್ಲ. ಹಾಗಾದರೆ ದಾರಿಯೇ ಇಲ್ಲವೇ? ಕೆಲವು ಪಾಲಿಸಿಗಳು ಡಿಸ್ಚಾರ್ಜ್ ಆದ ಮೇಲಿನ 60 ದಿನಗಳ ಚಿಕಿತ್ಸಾ ವೆಚ್ಚ ಕೊಡುತ್ತವೆ. ವೈದ್ಯರು ಬರೆದುಕೊಟ್ಟ ಫಿಸಿಯೋಥೆರಪಿಯನ್ನು ಅದರಲ್ಲಿ ಕೇಳಬಹುದೇ ಎಂದು ವಿಚಾರಿಸಿ. ರೋಗಿಗೆ ಇನ್ನೂ ಸಕ್ರಿಯ ವೈದ್ಯಕೀಯ ಚಿಕಿತ್ಸೆ ಬೇಕಾಗಿದ್ದರೆ ಅದು ಟಿಪ್ಪಣಿಯಲ್ಲಿ ಸ್ಪಷ್ಟವಾಗಿ ಇರಬೇಕು. ಇಲ್ಲದ್ದನ್ನು ಬರೆಸಬೇಡಿ, ಇದ್ದದ್ದನ್ನು ಬಿಟ್ಟುಹೋಗಲೂ ಬಿಡಬೇಡಿ.

ಸರ್ಕಾರಿ ಕಾರ್ಡು ಇದ್ದವರಿಗೆ ಕೇರಳದಲ್ಲಿ ಕಾರುಣ್ಯ ಆರೋಗ್ಯ ಸುರಕ್ಷಾ ಪದ್ಧತಿ, ಅತ್ತ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ರಕ್ಷಣೆ ಎಂಬುದು ಎಲ್ಲರಿಗೂ ಬಾಯಿಪಾಠ. ಆದರೆ ಗಡಿ ದಾಟಿದ ಆಸ್ಪತ್ರೆ ಆ ಪಟ್ಟಿಯಲ್ಲಿ ಇದೆಯೇ, ಇದ್ದರೆ ಯಾವ ಚಿಕಿತ್ಸೆಗೆ ಇದೆ ಎಂದು ರೋಗಿ ಸೇರುವ ಮೊದಲೇ ಕೇಳಿ. ಬಿಲ್ ಕೌಂಟರಿನ ಮುಂದೆ ನಿಂತು ಕೇಳಿದರೆ ತಡವಾಯಿತು.

ಮನೆಗೆ ಬಂದ ಮೇಲಿನ ಆಸರೆಯಲ್ಲಿ ಕೇರಳದ ಬದಿಯವರು ಅದೃಷ್ಟವಂತರು, ಇದನ್ನು ನಾನು ಮಂಗಳೂರಿನಲ್ಲೂ ಹೇಳುತ್ತೇನೆ. 2008ರಲ್ಲಿ ಪಾಲಿಯೇಟಿವ್ ಆರೈಕೆಗೆ, ಅಂದರೆ ದೀರ್ಘ ಕಾಯಿಲೆಯವರ ನೋವು ತಗ್ಗಿಸುವ ಆರೈಕೆಗೆ, ನೀತಿ ತಂದ ರಾಜ್ಯ ಇದು. ಪಂಚಾಯತಿನ ಪಾಲಿಯೇಟಿವ್ ನರ್ಸ್ ಮನೆಗೆ ಬಂದು ಮೂತ್ರದ ಕೊಳವೆ ಬದಲಿಸುತ್ತಾರೆ, ಹಾಸಿಗೆ ಹುಣ್ಣು ತೊಳೆಯುತ್ತಾರೆ. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆ ಆಶ್ವಾಸಕಿರಣಂ ಯೋಜನೆಯಲ್ಲಿ ತಿಂಗಳಿಗೆ 600 ರೂಪಾಯಿ. ಮೊತ್ತ ಚಿಕ್ಕದು, ಆದರೆ ಹೆಸರು ನೋಂದಾಯಿಸಿದರೆ ಆ ಕುಟುಂಬ ಸರ್ಕಾರದ ಕಣ್ಣಿಗೆ ಬಿದ್ದ ಹಾಗೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸುತ್ತದೆ. ಶೇಕಡಾ 40 ಅಥವಾ ಹೆಚ್ಚಿನ ವೈಕಲ್ಯದ ಪ್ರಮಾಣಪತ್ರ, ಯುಡಿಐಡಿ ಎಂಬ ವಿಕಲಚೇತನರ ಗುರುತಿನ ಕಾರ್ಡು ಇದ್ದರೆ ಗಾಲಿಕುರ್ಚಿ ಕೊಡುವ ಯೋಜನೆಯಿಂದ ಹಿಡಿದು ಪಿಂಚಣಿಯವರೆಗೆ ಬಾಗಿಲು ತೆರೆಯುತ್ತದೆ. ಮಂಗಳೂರಿನ ವಾರ್ಡಿನಲ್ಲಿ ಕುಳಿತ ಸಂಯೋಜಕಿಗೆ ನಮ್ಮ ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನ ಪಾಲಿಯೇಟಿವ್ ನರ್ಸಿನ ಫೋನ್ ನಂಬರ್ ಗೊತ್ತಿರಬೇಕು. ಗೊತ್ತಿರುವವರು ಬಹಳ ಕಡಿಮೆ. ನಿಮಗೆ ಕೆಲಸ ಇರುವುದು ಅಲ್ಲಿಯೇ.

ಎಣ್ಮಕಜೆ ಎಂದಾಗ ಇಲ್ಲಿರುವ ಎಲ್ಲರಿಗೂ ಎಂಡೋಸಲ್ಫಾನ್ ಎಂಬ ಕೀಟನಾಶಕ ನೆನಪಾಗುತ್ತದೆ. ಸರ್ಕಾರಿ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಆ ಔಷಧಿ ಸುರಿಯಿತು. ಸುಪ್ರೀಂ ಕೋರ್ಟ್ 2011ರಲ್ಲಿ ದೇಶದಾದ್ಯಂತ ಅದನ್ನು ತಡೆಯಿತು, 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡುವಂತೆ ರಾಜ್ಯಕ್ಕೆ ಆದೇಶಿಸಿತು. ಪರಿಹಾರದ ಹೋರಾಟದ ಬಗ್ಗೆ ನನಗಿಂತ ಚೆನ್ನಾಗಿ ಬಲ್ಲವರು ಈ ಸಭೆಯಲ್ಲಿದ್ದಾರೆ. ನನ್ನ ಕೆಲಸದ ಕಡೆಯಿಂದ ಒಂದೇ ಮಾತು. ಅಂದು ಮಕ್ಕಳಾಗಿದ್ದ ಸಂತ್ರಸ್ತರು ಇಂದು ದೊಡ್ಡವರು. ಬಡ್ಸ್ ಎಂಬ ವಿಶೇಷ ಮಕ್ಕಳ ಶಾಲೆಯಲ್ಲಿ ಕುಳಿತುಕೊಳ್ಳುತ್ತಿದ್ದ ಮಗುವನ್ನು ತಾಯಿ ಸೊಂಟದ ಮೇಲೆ ಎತ್ತಿಕೊಂಡು ಹೋಗುತ್ತಿದ್ದರು. ಈಗ ಮಗನಿಗೆ ಇಪ್ಪತ್ತೈದು, ತಾಯಿಗೆ ಮಂಡಿನೋವು. ಮಕ್ಕಳ ವಿಭಾಗದಿಂದ ವಯಸ್ಕರ ವಿಭಾಗಕ್ಕೆ, ಹೊತ್ತು ಸಾಗಿಸುವುದರಿಂದ ಎತ್ತುವ ಸಾಧನಕ್ಕೆ ದಾಟಿಸುವವರು ಯಾರೂ ಇಲ್ಲ. ಪಾರ್ಶ್ವವಾಯುವಿನ ರೋಗಿಗಳ ಸುತ್ತಲೇ ಬೆಳೆದ ಈ ಹುದ್ದೆ ನಮ್ಮ ಜಿಲ್ಲೆಯಲ್ಲಿ ಇವರನ್ನೂ ಒಳಗೊಳ್ಳಬೇಕು ಎಂಬುದು ನನ್ನ ಹಟ.

ಗಡಿಯ ಬಗ್ಗೆ ಇನ್ನೊಂದು. 2020ರ ಮಾರ್ಚ್ ಕೊನೆಯಲ್ಲಿ ಕೋವಿಡ್ ಕಾರಣಕ್ಕೆ ತಲಪಾಡಿಯಲ್ಲಿ ರಸ್ತೆ ಮುಚ್ಚಿತು, ಮಂಗಳೂರಿಗೆ ತಲುಪಲಾಗದೆ ಈ ಕಡೆಯ ರೋಗಿಗಳು ಸತ್ತರು, ವಿಷಯ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ಅಂದಿನಿಂದ ನಾನು ಯಾವ ಯೋಜನೆ ಬರೆದರೂ ಒಂದು ಕಾಲಂ ಹೆಚ್ಚು ಹಾಕುತ್ತೇನೆ: ಮಂಗಳೂರಿಗೆ ಬರಲಾಗದಿದ್ದರೆ ಹತ್ತಿರದಲ್ಲಿ ಯಾರು? ಕಾಸರಗೋಡಿನ ಜನರಲ್ ಆಸ್ಪತ್ರೆಯೋ, ಉಕ್ಕಿನಡ್ಕದ ಮೆಡಿಕಲ್ ಕಾಲೇಜೋ, ತಾಲೂಕು ಆಸ್ಪತ್ರೆಯ ಫಿಸಿಯೋಥೆರಪಿಸ್ಟೋ, ಹೆಸರು ಸಹಿತ. ಬಂದ್ ಆದ ದಿನವೂ, ಮಳೆಗೆ ರಸ್ತೆ ಕುಸಿದ ದಿನವೂ ಆ ಕಾಲಂ ಉಪಯೋಗಕ್ಕೆ ಬರುತ್ತದೆ.

ಭಾಷೆಯ ಲಾಭ ನಿಮಗೆ ಹುಟ್ಟಿನಿಂದ ಬಂದಿದೆ, ಅದನ್ನು ಬಯೋಡೇಟಾದ ಕೊನೆಗೆ ತಳ್ಳಬೇಡಿ. ರೋಗಿ ತುಳು ಮಾತಾಡುತ್ತಾರೆ, ಪಕ್ಕದ ಹಾಸಿಗೆಯವರು ಬ್ಯಾರಿ, ಬೈಸ್ಟ್ಯಾಂಡರ್ ಆಗಿ, ಅಂದರೆ ರೋಗಿಯ ಜತೆಗಿರಲು, ಬಂದ ಸೊಸೆಗೆ ಮಲಯಾಳಂ ಸಲೀಸು, ವೈದ್ಯರು ಕನ್ನಡ ಇಂಗ್ಲಿಷ್, ಪಂಚಾಯತಿನ ಅರ್ಜಿ ಮಲಯಾಳದಲ್ಲಿ. ಮೆದುಳಿಗೆ ಪೆಟ್ಟಾದವರ ಗ್ರಹಿಕೆಯನ್ನು ಅವರ ಮನೆಮಾತಿನಲ್ಲೇ ಪರೀಕ್ಷಿಸಬೇಕು. ಬೇರೆ ಭಾಷೆಯಲ್ಲಿ ಕೇಳಿ ‘ಸೂಚನೆ ಪಾಲಿಸುವುದಿಲ್ಲ’ ಎಂದು ಬರೆದರೆ ಅವರಿಗೆ ಪುನರ್ವಸತಿಯ ಅವಕಾಶವೇ ತಪ್ಪಬಹುದು. ಮತ್ತೆ, ನಿರ್ಧಾರ ಮಾಡುವವರು ಯಾರು ಎಂಬುದನ್ನು ಮೊದಲೇ ಪತ್ತೆ ಮಾಡಿ. ಹಾಸಿಗೆಯ ಪಕ್ಕ ನಿಂತವರೇ ಆಗಿರಬೇಕೆಂದಿಲ್ಲ. ಎಷ್ಟೋ ಮನೆಗಳಲ್ಲಿ ಅದು ಗಲ್ಫಿನಲ್ಲಿರುವ ಮಗ, ಕೆಲವು ಕಡೆ ಸೋದರಮಾವ. ಹೆಂಡತಿ ‘ಸರಿ’ ಎಂದ ಮೇಲೆ ರಾತ್ರಿ ಅಬುಧಾಬಿಯಿಂದ ಫೋನು ಬಂದು ಎಲ್ಲ ತಲೆಕೆಳಗಾಗುತ್ತದೆ. ಅದರ ಬದಲು ಅವರನ್ನೂ ಮೊದಲೇ ವಿಡಿಯೋ ಕರೆಯಲ್ಲಿ ಕೂರಿಸಿಕೊಳ್ಳಿ. ಹೆಂಡತಿಯ ಮಾತಿಗೆ ತೂಕ ಬರುವಂತೆ ಆ ಕರೆಯನ್ನು ನಡೆಸುವುದು ನಿಮ್ಮ ಜಾಣ್ಮೆ, ಏಕೆಂದರೆ ಮಗ್ಗುಲು ಬದಲಿಸುವವರು ಆಕೆ.

ಇನ್ನು ಹೇಳಲು ಹಿತವಲ್ಲದ ಸಂಗತಿ. ಸಂಯೋಜಕರಿಗೆ ಸಂಬಳ ಕೊಡುವುದು ಹಾಸಿಗೆ ತುಂಬಬೇಕಾದ ಸಂಸ್ಥೆ. ‘ತಿಂಗಳಿಗೆ ಇಷ್ಟು ರೋಗಿಗಳನ್ನು ತರಬೇಕು’ ಎಂಬ ಗುರಿ ಕೊಡುವವರಿದ್ದಾರೆ. ಕಳಿಸಿಕೊಟ್ಟವರಿಗೆ ಕಮಿಷನ್ ಕೊಡುವ ಕಡೆಗಳೂ ಇವೆ. ವೈದ್ಯರು ರೋಗಿಯನ್ನು ಕಳಿಸಿದ್ದಕ್ಕೆ ಕಮಿಷನ್ ಕೊಡುವುದನ್ನು, ತೆಗೆದುಕೊಳ್ಳುವುದನ್ನು 2002ರ ವೈದ್ಯಕೀಯ ಶಿಷ್ಟಾಚಾರ ನಿಯಮಗಳು ನಿಷೇಧಿಸಿವೆ. ಅಮೆರಿಕದಲ್ಲಿ ಸರ್ಕಾರಿ ವಿಮೆಯ ರೋಗಿಗಳ ವಿಷಯದಲ್ಲಿ ಅದು ಅಪರಾಧ. ಸಂದರ್ಶನದಲ್ಲೇ ಕೇಳಿ: ನಾನು ‘ಈ ರೋಗಿ ನಮ್ಮಲ್ಲಿಗೆ ಬೇಡ’ ಎಂದು ಬರೆದರೆ ಯಾರು ಓದುತ್ತಾರೆ, ಏನು ಮಾಡುತ್ತಾರೆ? ಉತ್ತರದಲ್ಲಿ ತಡವರಿಸಿದರೆ ಆ ಕೆಲಸ ಮಾರಾಟ ಪ್ರತಿನಿಧಿಯದು ಎಂದು ತಿಳಿಯಿರಿ. ನಮ್ಮಲ್ಲಿಗೆ ಬೇಡ ಎನ್ನಬೇಕಾದ ರೋಗಿಗಳು ಇದ್ದೇ ಇರುತ್ತಾರೆ. ಇನ್ನೂ ಜ್ವರ ಇಳಿಯದವರು, ಚಿಕಿತ್ಸೆಗೆ ಕೂರುವ ಶಕ್ತಿಯೇ ಇಲ್ಲದವರು, ಕೊನೆಯ ದಿನಗಳಲ್ಲಿ ಇದ್ದು ಮನೆಯಲ್ಲಿ ಇರಬಯಸುವವರು. ಅವರನ್ನು ತಂದು ಎರಡು ವಾರ ಮಲಗಿಸಿ, ಚಿನ್ನ ಅಡವಿಟ್ಟ ದುಡ್ಡು ಖರ್ಚು ಮಾಡಿಸುವುದು ಸೇವೆಯಲ್ಲ. ಆದರೆ ಬೇಡ ಎಂದ ಮೇಲೆ ಕೈತೊಳೆದುಕೊಳ್ಳಬಾರದು. ಯಾವ ವಾರ ಮತ್ತೆ ನೋಡುತ್ತೇವೆ, ಅಲ್ಲಿಯವರೆಗೆ ಯಾರು ಏನು ಮಾಡಬೇಕು ಎಂಬ ಚೀಟಿ ಕೊಡಬೇಕು.

ಆರಂಭಿಸುವುದು ಹೇಗೆ? ನರ್ಸಿಂಗ್, ಫಿಸಿಯೋಥೆರಪಿ, ಆಕ್ಯುಪೇಶನಲ್ ಥೆರಪಿ, ವಾಕ್ ಚಿಕಿತ್ಸೆ, ಎಂಎಸ್‌ಡಬ್ಲ್ಯು: ಯಾವುದರಿಂದಲೂ ಬರಬಹುದು. ನೇರವಾಗಿ ಬರಬೇಡಿ ಎಂಬುದೇ ನನ್ನ ಸಲಹೆ. ಒಂದೆರಡು ವರ್ಷ ನರರೋಗ, ಮೂಳೆ ಅಥವಾ ಐಸಿಯು ವಾರ್ಡಿನಲ್ಲಿ ಕೆಲಸ ಮಾಡಿ. ರೋಗಿಯನ್ನು ಎತ್ತಿ ಕೂರಿಸದ ಕೈ ಕಡತದಲ್ಲಿ ಬರೆದದ್ದನ್ನು ವೈದ್ಯರು ನಂಬುವುದಿಲ್ಲ, ನಂಬಬಾರದು ಕೂಡ. ನರ್ಸುಗಳಿಗೆ ಒಂದು ಎಚ್ಚರಿಕೆ: ಕರ್ನಾಟಕದಲ್ಲಿ ಓದಿ ಅಲ್ಲಿನ ಕೌನ್ಸಿಲಿನಲ್ಲಿ ನೋಂದಾಯಿಸಿದವರು ಕೇರಳದಲ್ಲಿ ಕೆಲಸ ಮಾಡಬೇಕಾದರೆ ಇಲ್ಲಿನ ಕೌನ್ಸಿಲಿನ ನೋಂದಣಿ ಬೇಕು, ಕಾಗದಪತ್ರ ಮೊದಲೇ ಸಿದ್ಧಮಾಡಿಕೊಳ್ಳಿ. ಫಿಸಿಯೋಥೆರಪಿ, ಆಕ್ಯುಪೇಶನಲ್ ಥೆರಪಿ, ವೈದ್ಯಕೀಯ ಸಮಾಜಕಾರ್ಯಗಳನ್ನು 2021ರ ಕೇಂದ್ರ ಕಾಯ್ದೆ ಒಂದೇ ರಾಷ್ಟ್ರೀಯ ಆಯೋಗದ ಅಡಿಗೆ ತಂದಿದೆ, ಅದರ ನೋಂದಣಿಯ ಮೇಲೂ ಕಣ್ಣಿಡಿ. ಮಲಯಾಳ ಓದಲು ಬಾರದವರು ಓದಲು ಕಲಿಯಿರಿ, ಮಾತಾಡಲು ಬಂದರೆ ಸಾಲದು.

ಬರವಣಿಗೆಯನ್ನು ಇಂದಿನಿಂದಲೇ ಅಭ್ಯಾಸ ಮಾಡಬಹುದು. ಒಬ್ಬ ರೋಗಿಯ ಬಗ್ಗೆ ಒಂದೇ ಪುಟ: ಕಾಯಿಲೆಗೆ ಮೊದಲು ಏನು ಮಾಡುತ್ತಿದ್ದರು, ಈಗ ಏನು ಮಾಡುತ್ತಿದ್ದಾರೆ, ಮನೆ ಹೇಗಿದೆ, ಯಾರಿದ್ದಾರೆ, ಹಣ ಎಲ್ಲಿಂದ, ಎಷ್ಟು ವಾರಕ್ಕೆ ಯಾವ ಗುರಿ. ‘ಸುಧಾರಣೆ’ ಎಂದು ಬರೆದರೆ ನಾನು ಕೆಂಪು ಗೆರೆ ಎಳೆಯುತ್ತೇನೆ. ‘ನಾಲ್ಕು ವಾರದಲ್ಲಿ ಒಬ್ಬರ ಸಹಾಯದಿಂದ ಮಂಚದಿಂದ ಕುರ್ಚಿಗೆ’ ಎಂದು ಬರೆಯಿರಿ.

ಪ್ರಶ್ನೋತ್ತರದಲ್ಲಿ ಫಿಸಿಯೋಥೆರಪಿಯ ಕೊನೆಯ ವರ್ಷದ ವಿದ್ಯಾರ್ಥಿಯೊಬ್ಬರು, ಈ ಕೆಲಸಕ್ಕೆ ಬಂದರೆ ಕೈಯ ಕಸುಬು ಮರೆತುಹೋಗುವುದಿಲ್ಲವೇ ಎಂದು ಕೇಳಿದರು. ಹೋಗುತ್ತದೆ, ವಾರದಲ್ಲಿ ಒಂದು ದಿನವಾದರೂ ಚಿಕಿತ್ಸೆಯ ಕೋಣೆಯಲ್ಲಿ ಕೆಲಸ ಮಾಡುವ ಒಪ್ಪಂದ ಮಾಡಿಕೊಳ್ಳಿ ಎಂದೆ. ಮಗಳ ಜತೆ ಬಂದಿದ್ದ ತಾಯಿಯೊಬ್ಬರು ಎದ್ದು, ‘ಇದಕ್ಕೆ ಪಿಎಸ್‌ಸಿ ಪರೀಕ್ಷೆ ಇದೆಯಾ ಮೇಡಂ?’ ಎಂದರು. ಸಭೆ ನಕ್ಕಿತು, ಆದರೆ ಪ್ರಶ್ನೆ ನ್ಯಾಯವಾದದ್ದೇ. ಈ ಹೆಸರಿನ ಹುದ್ದೆಗೆ ಇಲ್ಲ. ಸ್ಟಾಫ್ ನರ್ಸ್, ಫಿಸಿಯೋಥೆರಪಿಸ್ಟ್ ಹುದ್ದೆಗಳಿಗೆ ಅರ್ಜಿ ಹಾಕುತ್ತಲೇ ಇರಲಿ; ಅಲ್ಲಿ ಸೇರಿದರೂ ಡಿಸ್ಚಾರ್ಜಿನ ಮೊದಲು ಬಚ್ಚಲ ಬಾಗಿಲಿನ ಅಗಲ ಕೇಳುವುದನ್ನು ಯಾರೂ ತಡೆಯುವುದಿಲ್ಲ ಎಂದು ಉತ್ತರಿಸಿದೆ. ಸಂಬಳ ಎಷ್ಟು ಎಂದು ಅವರು ಮತ್ತೆ ಕೇಳಿದರು. ಖಾಸಗಿಯಲ್ಲಿ ಆರಂಭದಲ್ಲಿ ವಾರ್ಡ್ ನರ್ಸಿನ ಸಂಬಳಕ್ಕಿಂತ ಬಹಳ ಹೆಚ್ಚೇನೂ ಇರುವುದಿಲ್ಲ, ರಾತ್ರಿ ಪಾಳಿ ಇರುವುದಿಲ್ಲ, ಫೋನು ಮಾತ್ರ ರಾತ್ರಿಯೂ ಬರುತ್ತದೆ ಎಂದೆ. ಮಗಳು ಹಿಂದಿನಿಂದ ಅಮ್ಮನ ಸೆರಗು ಎಳೆದು ಕೂರಿಸಿದಳು, ಆಮೇಲೆ ತಾನೇ ಬಂದು ಬಾರ್ತೆಲ್ ಸೂಚ್ಯಂಕದ ಕನ್ನಡ ನಮೂನೆ ಇದೆಯೇ ಎಂದು ವಿಚಾರಿಸಿದಳು. ವಾರ್ಡಿನಲ್ಲಿ ನಾನು ಬಳಸುವ ಹಾಳೆಯನ್ನು ಅವಳಿಗೆ ಕೊಟ್ಟು ಬಂದಿದ್ದೇನೆ.